ದಪ್ಪ ಪೈಪ್‌ಲೈನ್ ಉಕ್ಕು ಚಳಿಯಲ್ಲಿ ಸೀಳದಂತೆ ರೋಲಿಂಗ್ ಮಾಡುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾದ ಉಕ್ಕನ್ನು ರೋಲ್‌ಗಳ ನಡುವೆ ಒತ್ತಿ (ಇದೇ ರೋಲಿಂಗ್) ದಪ್ಪ ಹಾಳೆ ಮಾಡುವ ಪ್ಲೇಟ್ ಮಿಲ್‌ಗೆ ಹೊಸದಾಗಿ ಸೇರಿದ ಎಂಜಿನಿಯರ್‌ಗಳು, ಲೋಹಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಪೈಪ್ ಖರೀದಿಸುವ ಕಂಪನಿಗಳ ತಪಾಸಣಾಧಿಕಾರಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳೆಲ್ಲ ದೊಡ್ಡ ವ್ಯಾಸದ ಗ್ಯಾಸ್ ಪೈಪ್‌ಗೆ ಬಳಸುವ, 25 ಮಿ.ಮೀ.ಗಿಂತ ದಪ್ಪನೆಯ ಪ್ಲೇಟ್‌ಗೆ ಸಂಬಂಧಿಸಿದವು.

ಪೈಪ್‌ಗೆ ಇಷ್ಟು ದಪ್ಪ ಏಕೆ ಬೇಕು?

ಒತ್ತಡ ಮತ್ತು ಆಳ, ಇವೆರಡೇ ಕಾರಣ. ರಷ್ಯಾದ ಯಮಾಲ್ ಪರ್ಯಾಯದ್ವೀಪದಿಂದ ಹೊರಡುವ ಬೊವಾನೆಂಕೊವೊ–ಉಖ್ತಾ ಮಾರ್ಗದಲ್ಲಿ ಪೈಪ್‌ನ ವ್ಯಾಸ 1420 ಮಿ.ಮೀ., ಗ್ಯಾಸ್‌ನ ಒತ್ತಡ 11.8 ಮೆಗಾಪ್ಯಾಸ್ಕಲ್. ಅಲ್ಲಿ ಗೋಡೆಯ ದಪ್ಪ 23, 27.7 ಮತ್ತು 33.4 ಮಿ.ಮೀ. ಕಪ್ಪು ಸಮುದ್ರದ ತಳದಲ್ಲಿ 2,000 ಮೀಟರ್‌ಗೂ ಆಳದಲ್ಲಿ ಹಾಯುವ ಟರ್ಕ್‌ಸ್ಟ್ರೀಮ್ ಪೈಪ್‌ನ ಗೋಡೆ 39 ಮಿ.ಮೀ. ಅಲ್ಲಿ ಒಳಗಿನ ಗ್ಯಾಸ್‌ಗಿಂತ ಹೊರಗಿನ ನೀರು ಪೈಪನ್ನು ಚಪ್ಪಟೆಯಾಗಿಸುವ ಅಪಾಯವೇ ಹೆಚ್ಚು. ಯಮಾಲ್‌ನದು ಹೆಪ್ಪುಗಟ್ಟಿದ ನೆಲ. ಆದ್ದರಿಂದ ದಪ್ಪದ ಜೊತೆ ಚಳಿಯೂ ಸೇರಿಕೊಳ್ಳುತ್ತದೆ. ನಮ್ಮ ಕಷ್ಟವೆಲ್ಲ ಇರುವುದು ಈ ಎರಡೂ ಒಟ್ಟಿಗೆ ಬಂದಾಗ.

ಚಳಿಯಲ್ಲಿ ಉಕ್ಕು ಪೆಡಸಾಗುವುದು ಏಕೆ?

ಉಕ್ಕು ಹರಿಯದೆ ಬಾಗಬೇಕಾದರೆ ಅದರ ಹರಳುಗಳೊಳಗೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಬೇಕು. ತಾಪಮಾನ ಇಳಿದಂತೆ ಈ ಜಾರುವಿಕೆಗೆ ಬೇಕಾದ ಬಲ ಏರುತ್ತ ಹೋಗುತ್ತದೆ. ಹರಳನ್ನು ಸೀಳಲು ಬೇಕಾದ ಬಲ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಒಂದು ಹಂತ ದಾಟಿದ ಮೇಲೆ ಜಾರುವುದಕ್ಕಿಂತ ಸೀಳುವುದೇ ಸುಲಭವಾಗುತ್ತದೆ. ಆಗ ಬಿರುಕು ಸದ್ದು ಮಾಡುತ್ತ ಓಡುತ್ತದೆ.

ಹರಳುಗಳನ್ನು ಸಣ್ಣದು ಮಾಡಿದರೆ ಈ ಹಂತ ಇನ್ನೂ ಕೆಳಗಿನ ತಾಪಮಾನಕ್ಕೆ ಸರಿಯುತ್ತದೆ. ಬಲವನ್ನೂ ಟಫ್‌ನೆಸ್ಸನ್ನೂ, ಅಂದರೆ ಸೀಳದೆ ತಾಳಿಕೊಳ್ಳುವ ಗುಣವನ್ನೂ, ಒಟ್ಟಿಗೆ ಹೆಚ್ಚಿಸುವ ದಾರಿ ಇದೊಂದೇ. ಇಂಗಾಲ ಹೆಚ್ಚಿಸುವುದಾಗಲಿ, ಉಕ್ಕನ್ನು ಗಡಸಾಗಿಸುವುದಾಗಲಿ, ಬಲಕ್ಕೆ ಹಿಡಿದ ಬೇರೆಲ್ಲ ದಾರಿಗಳೂ ಟಫ್‌ನೆಸ್ಸನ್ನು ಬೆಲೆಯಾಗಿ ಕೇಳುತ್ತವೆ. ರೋಲಿಂಗ್‌ಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣಕ್ಕೆ.

ಚಾರ್ಪಿ ಪರೀಕ್ಷೆಯಲ್ಲಿ 300 ಜೂಲ್ ಬಂದ ಪ್ಲೇಟ್ ಡಿಡಬ್ಲ್ಯೂಟಿಟಿಯಲ್ಲಿ ಬಿದ್ದುಹೋಗುತ್ತದೆ. ಯಾವುದನ್ನು ನಂಬಬೇಕು?

ಡಿಡಬ್ಲ್ಯೂಟಿಟಿ, ಅಂದರೆ ಡ್ರಾಪ್ ವೇಟ್ ಟಿಯರ್ ಟೆಸ್ಟನ್ನು ನಂಬಿ. ಚಾರ್ಪಿ ಎಂದರೆ ಕಚ್ಚು ಮಾಡಿದ ಸಣ್ಣ ತುಂಡನ್ನು ತೂಗುವ ಸುತ್ತಿಗೆಯಿಂದ ಮುರಿದು, ಅದಕ್ಕೆ ತಗುಲಿದ ಶಕ್ತಿಯನ್ನು ಅಳೆಯುವ ಪರೀಕ್ಷೆ. ಅದರ ತುಂಡು 10 ಮಿ.ಮೀ. ಚೌಕದ್ದು. 33 ಮಿ.ಮೀ. ಪ್ಲೇಟಿನಿಂದ ಅದನ್ನು ಎಲ್ಲಿ ಕೊಯ್ದರೂ ಅದು ಪ್ಲೇಟಿನ ಒಂದು ಪದರದ ಕಥೆಯನ್ನಷ್ಟೇ ಹೇಳುತ್ತದೆ. ಡಿಡಬ್ಲ್ಯೂಟಿಟಿ ತುಂಡು 305 ಮಿ.ಮೀ. ಉದ್ದ, 76 ಮಿ.ಮೀ. ಅಗಲವಿದ್ದು ಪ್ಲೇಟಿನ ಪೂರ್ತಿ ದಪ್ಪವನ್ನು ಹೊಂದಿರುತ್ತದೆ. ಅದರ ಅಂಚಿನಲ್ಲಿ 5 ಮಿ.ಮೀ. ಆಳದ ಕಚ್ಚನ್ನು ಒತ್ತಿ ಮಾಡಿರುತ್ತಾರೆ. ತಣ್ಣಗಿನ ಆಲ್ಕೊಹಾಲ್ ತೊಟ್ಟಿಯಿಂದ ತೆಗೆದ 10 ಸೆಕೆಂಡುಗಳೊಳಗೆ ಸುತ್ತಿಗೆ ಬಿದ್ದು ಅದು ಮುರಿಯಬೇಕು.

ಮುರಿದ ಮುಖವನ್ನು ಕೈಯಲ್ಲಿ ಹಿಡಿದು ನೋಡುವ ಅಭ್ಯಾಸವನ್ನು ಯಾರೂ ಬಿಡಬಾರದು. ಬಾಗಿ ಹರಿದ ಭಾಗ ಮಂಕು ಬೂದುಬಣ್ಣದ್ದಾಗಿ, ನಾರುನಾರಾಗಿ, ಅಂಚಿನಲ್ಲಿ ಓರೆಯಾಗಿ ಇರುತ್ತದೆ. ಸೀಳಿದ ಭಾಗ ಚಪ್ಪಟೆಯಾಗಿದ್ದು ಬೆಳಕಿಗೆ ಹೊರಳಿಸಿದಾಗ ಮಿನುಗುತ್ತದೆ. 19 ಮಿ.ಮೀ.ಗಿಂತ ದಪ್ಪ ಪ್ಲೇಟಾದರೆ ಕಚ್ಚಿನ ಬದಿಯಲ್ಲಿ 19 ಮಿ.ಮೀ., ಸುತ್ತಿಗೆಯ ಬದಿಯಲ್ಲಿ 19 ಮಿ.ಮೀ. ಬಿಟ್ಟು, ನಡುವೆ ಉಳಿದ ಸುಮಾರು 33 ಮಿ.ಮೀ. ಭಾಗವನ್ನು ಅಳೆಯುತ್ತಾರೆ. ಅದರಲ್ಲಿ ಸರಾಸರಿ 85 ಶೇಕಡಾ ಬೂದು ಭಾಗ ಇರಬೇಕು. ಮೇಲೆ ಹೇಳಿದ ಯಮಾಲ್ ಮಾರ್ಗಕ್ಕೆ ಇದು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರಬೇಕಿತ್ತು.

ಈ ಪರೀಕ್ಷೆ ಸುಮ್ಮನೆ ಹುಟ್ಟಿದ್ದಲ್ಲ. 1960ರಲ್ಲಿ ಅಮೆರಿಕದ 30 ಇಂಚಿನ ಗ್ಯಾಸ್ ಮಾರ್ಗವೊಂದರಲ್ಲಿ ಪೆಡಸು ಬಿರುಕು ಸುಮಾರು 13 ಕಿಲೋಮೀಟರ್ ಓಡಿತು. ಚಾರ್ಪಿಯ ಅಂಕಿ ಇಂಥದ್ದನ್ನು ಮುಂಚೆಯೇ ಹೇಳಲಾರದು ಎಂಬುದು ಸ್ಪಷ್ಟವಾದಾಗ ಬ್ಯಾಟೆಲ್ ಸಂಸ್ಥೆಯ ಸಂಶೋಧಕರು ಪೂರ್ತಿ ದಪ್ಪದ ಈ ಪರೀಕ್ಷೆಯನ್ನು ರೂಪಿಸಿದರು.

ಅದೇ ಹೀಟ್ (ಒಂದೇ ಬಾರಿಗೆ ಕರಗಿಸಿದ ಉಕ್ಕು), ಅದೇ ರಸಾಯನ. 18 ಮಿ.ಮೀ. ಪಾಸಾಗುತ್ತದೆ, 33 ಮಿ.ಮೀ. ಫೇಲಾಗುತ್ತದೆ. ಏಕೆ?

ಕಾರಣಗಳು ಎರಡು ಬಗೆಯವು. ಒಂದು ನಮ್ಮ ಕೈಯಲ್ಲಿಲ್ಲ: ದಪ್ಪ ತುಂಡಿನ ನಡುಭಾಗ ಅಕ್ಕಪಕ್ಕ ಕುಗ್ಗಲಾರದ ಕಾರಣ ಬಿರುಕಿನ ತುದಿಯಲ್ಲಿ ಒತ್ತಡ ಮೂರು ದಿಕ್ಕಿನಿಂದಲೂ ಕಟ್ಟಿಕೊಳ್ಳುತ್ತದೆ, ಸೀಳುವಿಕೆ ಸುಲಭವಾಗುತ್ತದೆ.

ಇನ್ನೊಂದು ಪೂರ್ತಿ ನಮ್ಮದೇ. 300 ಮಿ.ಮೀ. ಸ್ಲ್ಯಾಬನ್ನು, ಅಂದರೆ ಎರಕದಿಂದ ಬಂದ ಉಕ್ಕಿನ ಚಪ್ಪಡಿಯನ್ನು, 18ಕ್ಕೆ ಇಳಿಸಿದರೆ ಒಟ್ಟು 16 ಪಟ್ಟಿಗೂ ಹೆಚ್ಚು ತೆಳುವಾಗುತ್ತದೆ. 33ಕ್ಕೆ ಇಳಿಸಿದರೆ ಸುಮಾರು 9 ಪಟ್ಟು ಮಾತ್ರ. ಹರಳನ್ನು ಸಣ್ಣದಾಗಿಸಲು ನಮಗಿರುವ ಬಂಡವಾಳ ಈ ಇಳಿಕೆಯೇ. ದಪ್ಪ ಪ್ಲೇಟಿನಲ್ಲಿ ಆ ಬಂಡವಾಳ ಮೊದಲೇ ಕಡಿಮೆ, ಅದರಲ್ಲೂ ದೊಡ್ಡ ಪಾಲು ಮೇಲ್ಮೈಯಲ್ಲೇ ಖರ್ಚಾಗಿ ಹೋಗುತ್ತದೆ. ಫೇಲಾದ 33 ಮಿ.ಮೀ. ಪ್ಲೇಟನ್ನು ಅಡ್ಡಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಪದರ ಅಚ್ಚುಕಟ್ಟಾಗಿರುತ್ತದೆ. ನಡುವಿಗೆ ಹೋದಂತೆ ದೊಡ್ಡ ದೊಡ್ಡ ಬೈನೈಟ್ (ಉಕ್ಕು ಬೇಗ ತಣಿದಾಗ ಹುಟ್ಟುವ ಹರಳಿನ ರೂಪ) ಕಟ್ಟುಗಳು ಸಣ್ಣವುಗಳ ನಡುವೆ ಬೆರೆತು ಕುಳಿತಿರುತ್ತವೆ. ಸರಾಸರಿ ಹರಳಿನ ಗಾತ್ರ ಎಷ್ಟೇ ಚೆನ್ನಾಗಿರಲಿ, ಬಿರುಕು ಹುಟ್ಟುವುದು ಆ ದೊಡ್ಡವುಗಳಲ್ಲೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕುಲುಮೆಯಿಂದಲೇ?

ಹೌದು. ಸ್ಲ್ಯಾಬನ್ನು ಹೆಚ್ಚು ಕಾಯಿಸಿದರೆ ಹರಳು ಕೊಬ್ಬುತ್ತದೆ, ಕಡಿಮೆ ಕಾಯಿಸಿದರೆ ಹರಳು ಸಣ್ಣದಾಗಲೆಂದು ಚೂರೇ ಸೇರಿಸುವ ನಯೋಬಿಯಂ ಲೋಹ ಕರಗದೆ ಉಳಿಯುತ್ತದೆ. ಇಂಗಾಲ 0.04–0.06 ಶೇಕಡಾ, ನಯೋಬಿಯಂ 0.05ರ ಆಸುಪಾಸು ಇರುವ ಉಕ್ಕಿಗೆ 1120–1180 ಡಿಗ್ರಿ ಸಾಕು. 0.01–0.02 ಶೇಕಡಾ ಟೈಟಾನಿಯಂ ಇದ್ದರೆ ಅದು ಸಾರಜನಕದೊಂದಿಗೆ ಸೇರಿ ಅತಿ ಸಣ್ಣ ಕಣಗಳಾಗಿ, ಹರಳುಗಳ ಗಡಿಯನ್ನು ಹಿಡಿದು ನಿಲ್ಲಿಸುತ್ತದೆ. ಟೈಟಾನಿಯಂ ಹೆಚ್ಚಾದರೆ ಮಾತ್ರ ಒರಟು ಚೌಕ ಕಣಗಳಾಗಿ ಅದೇ ಬಿರುಕಿಗೆ ಬೀಜವಾಗುತ್ತದೆ.

ಕುಲುಮೆಯ ಮಾಪಕ ತೋರಿಸುವುದು ಕುಲುಮೆಯ ತಾಪಮಾನವನ್ನು ಎಂಬುದನ್ನು ನೆನಪಿಡಿ. 300 ಮಿ.ಮೀ. ಸ್ಲ್ಯಾಬಿನ ನಡು ಅಲ್ಲಿಗೆ ಮುಟ್ಟಲು ಸಮಯ ಬೇಕು. ಅವಸರ ಮಾಡಿದರೆ ನಡುವಿನಲ್ಲೇ ನಯೋಬಿಯಂ ಕರಗದೆ ಉಳಿಯುತ್ತದೆ. ನಮಗೆ ಅದು ಹೆಚ್ಚು ಬೇಕಾದ ಜಾಗವೂ ಅದೇ.

ರಫಿಂಗ್, ಅಂದರೆ ಮೊದಲ ಹಂತದ ರೋಲಿಂಗ್, ದಪ್ಪ ಇಳಿಸುವ ಕೆಲಸವಷ್ಟೇ ಅಲ್ಲವೇ? ಟಫ್‌ನೆಸ್ ನಿರ್ಧಾರವಾಗುವುದು ಕೊನೆಯ ಹಂತವಾದ ಫಿನಿಷಿಂಗ್‌ನಲ್ಲಿ ಎನ್ನುತ್ತಾರಲ್ಲ?

ತೆಳು ಪ್ಲೇಟಿಗೆ ಆ ಮಾತು ಬಹುಮಟ್ಟಿಗೆ ಸರಿ. ದಪ್ಪ ಪ್ಲೇಟಿಗೆ ಅದು ತಪ್ಪು, ಮತ್ತು ಈ ತಪ್ಪು ತಿಳಿವಳಿಕೆಯಿಂದ ಹಾಳಾಗುವ ಪ್ಲೇಟುಗಳೇ ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ.

ರಫಿಂಗ್‌ನಲ್ಲಿ, ಅಂದರೆ ಸುಮಾರು 1000 ಡಿಗ್ರಿಗಿಂತ ಮೇಲೆ, ಪ್ರತಿ ಪಾಸ್‌ನಲ್ಲೂ (ರೋಲ್‌ಗಳ ನಡುವೆ ಒಮ್ಮೆ ಹಾಯಿಸುವುದು ಒಂದು ಪಾಸ್) ಆಸ್ಟಿನೈಟ್, ಅಂದರೆ ಬಿಸಿ ಉಕ್ಕಿನ, ಹರಳುಗಳು ನಜ್ಜುಗುಜ್ಜಾಗಿ ಅವುಗಳ ಜಾಗದಲ್ಲಿ ಹೊಸ, ಸಣ್ಣ ಹರಳುಗಳು ಹುಟ್ಟಬೇಕು. ಇದಕ್ಕೆ ಒಂದು ಕನಿಷ್ಠ ಒತ್ತು ಬೇಕು. ಒತ್ತು ಅದಕ್ಕಿಂತ ಕಡಿಮೆಯಾದರೆ ಕೆಲವು ಹರಳುಗಳು ಮಾತ್ರ ಹೊಸದಾಗುತ್ತವೆ, ಉಳಿದವು ಹಾಗೇ ಬೆಳೆಯುತ್ತವೆ. ಹೀಗಾಗಿ ಮಿಶ್ರ ಹರಳು ಬರುತ್ತದೆ. ಅದನ್ನು ಮುಂದೆ ಎಷ್ಟೇ ಒಳ್ಳೆಯ ಫಿನಿಷಿಂಗ್ ಮಾಡಿದರೂ ಅಳಿಸಲಾಗದು.

ಈಗ ಒತ್ತು ನಡುವಿಗೆ ಮುಟ್ಟುವುದೇ ಎಂದು ಲೆಕ್ಕ ಹಾಕೋಣ. ರೋಲ್ ಮತ್ತು ಉಕ್ಕು ತಾಗಿಕೊಂಡಿರುವ ಉದ್ದವನ್ನು ಪಾಸ್‌ನ ಸರಾಸರಿ ದಪ್ಪದಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ತಾಗುವ ಉದ್ದವೆಂದರೆ ರೋಲ್‌ನ ತ್ರಿಜ್ಯವನ್ನು ಇಳಿಕೆಯಿಂದ ಗುಣಿಸಿ ತೆಗೆದ ವರ್ಗಮೂಲ. ತ್ರಿಜ್ಯ 600 ಮಿ.ಮೀ. ಎಂದುಕೊಳ್ಳಿ. 300 ಮಿ.ಮೀ. ಸ್ಲ್ಯಾಬಿನಲ್ಲಿ 20 ಮಿ.ಮೀ. ಇಳಿಸಿದರೆ ತಾಗುವ ಉದ್ದ ಸುಮಾರು 110, ಸರಾಸರಿ ದಪ್ಪ 290, ಅನುಪಾತ 0.38. ಅದೇ ಸ್ಲ್ಯಾಬಿನಲ್ಲಿ 40 ಮಿ.ಮೀ. ಇಳಿಸಿದರೆ ಅನುಪಾತ 0.55. ಮುಂದೆ 170 ಮಿ.ಮೀ. ಇದ್ದಾಗ 30 ಮಿ.ಮೀ. ಒಂದೇ ಏಟಿಗೆ ಇಳಿಸಿದರೆ 0.87. ಅದೇ 30ನ್ನು 15 ಮತ್ತು 15 ಎಂದು ಎರಡು ಪಾಸ್ ಮಾಡಿದರೆ ಮೊದಲನೆಯದು 0.58, ಎರಡನೆಯದು 0.64.

ಅನುಪಾತ ಅರ್ಧದ ಕೆಳಗಿದ್ದಾಗ ಒತ್ತು ಮೇಲ್ಮೈಯ ಹತ್ತಿರವೇ ಉಳಿದುಬಿಡುತ್ತದೆ, ನಡುವಿಗೆ ಇಳಿಯುವುದು ಅತ್ಯಲ್ಪ. ಒಂದರ ಹತ್ತಿರ ಬಂದಾಗ ನಡುವೂ ಮೇಲ್ಮೈಯಷ್ಟೇ ದುಡಿಯುತ್ತದೆ. ಎರಡು ಹಗುರ ಪಾಸ್‌ಗಿಂತ ಒಂದು ಭಾರದ ಪಾಸ್ ಮೇಲು ಎನ್ನುವುದು ಈ ಅಂಕಿಗಳಿಂದ. ಕಡೆಯ ಎರಡು ಮೂರು ರಫಿಂಗ್ ಪಾಸ್‌ಗಳು ತಲಾ 15–20 ಶೇಕಡಾ ಇರಲಿ, ಒಂದಕ್ಕಿಂತ ಒಂದು ಭಾರವಾಗುತ್ತ ಹೋಗಲಿ. ಮಿಲ್‌ನ ವೇಗವನ್ನೂ ತಗ್ಗಿಸಿ.

ಆಪರೇಟರ್‌ಗಳು ಇದನ್ನು ಒಪ್ಪುವುದಿಲ್ಲವಲ್ಲ?

ಅವರಿಗೂ ಕಾರಣವಿದೆ. ಭಾರದ ಪಾಸ್‌ನಲ್ಲಿ ಮೋಟರ್‌ನ ಟಾರ್ಕ್ ಮಿತಿಗೆ ಮುಟ್ಟುತ್ತದೆ, ಪ್ಲೇಟಿನ ಮೂತಿ ಏಳುತ್ತದೆ ಅಥವಾ ಬಗ್ಗುತ್ತದೆ, ಒಮ್ಮೆ ಸಿಕ್ಕಿಕೊಂಡರೆ ಪಾಳಿಯೇ ಹಾಳು. ಹಾಗಾಗಿ ಟಾರ್ಕ್ ಮಿತಿಯ ಎಷ್ಟು ಶೇಕಡಾವರೆಗೆ ಹೋಗಬಹುದೆಂದು ಯಾಂತ್ರಿಕ ವಿಭಾಗದವರನ್ನು ಜೊತೆಗೆ ಕೂರಿಸಿಕೊಂಡು ಬರಹದಲ್ಲಿ ತೀರ್ಮಾನಿಸಿ. ಬರೀ ಬಾಯಿಮಾತಿನಲ್ಲಿ ಹೇಳಿದರೆ ರಾತ್ರಿ ಪಾಳಿಯಲ್ಲಿ ಪಾಸ್‌ಗಳು ಮತ್ತೆ ಹಗುರವಾಗುತ್ತವೆ.

ಅಗಲ ಮಾಡುವ ಪಾಸ್‌ಗಳಿಂದ ತೊಂದರೆಯಿದೆಯೇ?

ಇದೆ, ಆದರೆ ಅವುಗಳನ್ನೇ ಅನುಕೂಲಕ್ಕೂ ಬಳಸಿಕೊಳ್ಳಬಹುದು. 1420 ಮಿ.ಮೀ. ಪೈಪಿನ ಸುತ್ತಳತೆಗೆ ಅಂಚು ಕತ್ತರಿಸುವ ಭಾಗವನ್ನೂ ಸೇರಿಸಿದರೆ ಪ್ಲೇಟಿನ ಅಗಲ ಸುಮಾರು 4.4 ಮೀಟರ್ ಬೇಕು. ಸ್ಲ್ಯಾಬ್ 2.2 ಮೀಟರ್ ಅಗಲದ್ದಾದರೆ ಅದನ್ನು ಅಡ್ಡ ತಿರುಗಿಸಿ ಅಗಲವನ್ನು ಎರಡು ಪಟ್ಟು ಮಾಡಬೇಕು. ಅಷ್ಟರಲ್ಲಿ 300 ಮಿ.ಮೀ. ದಪ್ಪ 150ಕ್ಕೆ ಬಂದಿರುತ್ತದೆ! ಅಂದರೆ ರಫಿಂಗ್‌ನ ಬಹುಪಾಲು ಮುಗಿದೇ ಹೋಯಿತು. ಮರಳಿ ನೇರ ತಿರುಗಿಸಿದ ಮೇಲೆ 4.4 ಮೀಟರ್ ಅಗಲದ ಉಕ್ಕು ರೋಲ್‌ನಡಿ ಬರುತ್ತದೆ. 5 ಮೀಟರ್ ಮಿಲ್‌ಗಳು ಹತ್ತು ಸಾವಿರ ಟನ್‌ಗೂ ಹೆಚ್ಚು ಬಲ ಹಾಕಬಲ್ಲವಾದರೂ ಅಷ್ಟಗಲಕ್ಕೆ ದೊಡ್ಡ ಇಳಿಕೆ ಕೊಡುವುದು ಕಷ್ಟ. ಆದ್ದರಿಂದ ಭಾರದ ಪಾಸ್‌ಗಳನ್ನು ಅಡ್ಡ ರೋಲಿಂಗ್‌ನ ಕೊನೆಯಲ್ಲೇ ಕೊಡಬೇಕು. ‘ಅಗಲ ಬಂದರೆ ಸಾಕು’ ಎಂದು ಅಲ್ಲಿ ಹಗುರ ಪಾಸ್‌ಗಳನ್ನು ಹಾಕಿದರೆ ಇದ್ದ ಅವಕಾಶವೂ ಕೈತಪ್ಪುತ್ತದೆ. ಸಾಧ್ಯವಾದಲ್ಲಿ ಅಗಲದ ಸ್ಲ್ಯಾಬನ್ನೇ ಆರಿಸಿಕೊಳ್ಳಿ.

ರಫಿಂಗ್ ನಿಲ್ಲಿಸಿ, ಫಿನಿಷಿಂಗ್‌ನ ತಾಪಮಾನಕ್ಕೆ ತಣಿಯಲೆಂದು ಕಾಯುವ ದಪ್ಪ ಎಷ್ಟಿರಬೇಕು?

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ಇಲ್ಲಿಯೇ. 300 ಮಿ.ಮೀ. ಸ್ಲ್ಯಾಬ್, 33 ಮಿ.ಮೀ. ಪ್ಲೇಟ್ ಎಂದಿಟ್ಟುಕೊಳ್ಳಿ. ಅಂತಿಮ ದಪ್ಪದ 5 ಪಟ್ಟಿನಲ್ಲಿ, ಅಂದರೆ 165ರಲ್ಲಿ ನಿಲ್ಲಿಸಿದರೆ ಫಿನಿಷಿಂಗ್‌ಗೆ 80 ಶೇಕಡಾ ಇಳಿಕೆ ಸಿಗುತ್ತದೆ, ರಫಿಂಗ್‌ಗೆ ಉಳಿಯುವುದು 45. ಎರಡೂವರೆ ಪಟ್ಟಿನಲ್ಲಿ ನಿಲ್ಲಿಸಿದರೆ ರಫಿಂಗ್‌ಗೆ 72 ಶೇಕಡಾ, ಫಿನಿಷಿಂಗ್‌ಗೆ 60. ಮೂರೂವರೆ ಪಟ್ಟಿನಲ್ಲಿ ಸುಮಾರು 61 ಮತ್ತು 71.

ಫಿನಿಷಿಂಗ್‌ನಲ್ಲಿ ಹರಳು ಹೊಸದಾಗಿ ಹುಟ್ಟುವುದಿಲ್ಲ, ಚಪ್ಪಟೆಯಾಗುತ್ತ ಹೋಗುತ್ತದೆ. ಚಪ್ಪಟೆಯಾದಷ್ಟೂ ಅದರ ಗಡಿಗಳು ಹತ್ತಿರ ಬರುತ್ತವೆ, ತಣಿಯುವಾಗ ಬೈನೈಟ್ ಹುಟ್ಟಲು ಹೆಚ್ಚು ಜಾಗ ಸಿಗುತ್ತದೆ. ಹಾಗೆಂದು ಒರಟು ಹರಳನ್ನು ಎಷ್ಟು ಚಪ್ಪಟೆ ಮಾಡಿದರೂ ಅದು ಒರಟು ಹರಳೇ. ಸಣ್ಣ ಹರಳನ್ನು ಮೊದಲು ಪಡೆದುಕೊಂಡು ಆಮೇಲೆ ಚಪ್ಪಟೆ ಮಾಡುವುದು ಮೇಲು ಎಂದು ನಾನು ವಾದಿಸುತ್ತೇನೆ. 3ರಿಂದ 3.5 ಪಟ್ಟಿನ ನಡುವೆ ಶುರು ಮಾಡಿ ನೋಡಿ. ಸ್ಲ್ಯಾಬೇ 250 ಮಿ.ಮೀ. ಇದ್ದರೆ ಎರಡೂ ಕಡೆ ಕೊರತೆಯಾಗುತ್ತದೆ. 33 ಮಿ.ಮೀ.ಗೆ 300ಕ್ಕಿಂತ ತೆಳು ಸ್ಲ್ಯಾಬ್ ಬೇಡ ಎಂದು ಆರ್ಡರ್ ಒಪ್ಪಿಕೊಳ್ಳುವಾಗಲೇ ಹೇಳಿ.

ಕಾಯುವಾಗ ಹರಳು ಮತ್ತೆ ಬೆಳೆಯುವುದಿಲ್ಲವೇ?

ಬೆಳೆಯುತ್ತದೆ. 120 ಮಿ.ಮೀ. ದಪ್ಪದ ಉಕ್ಕು 1000 ಡಿಗ್ರಿಯಿಂದ 850ಕ್ಕೆ ಬರೀ ಗಾಳಿಯಲ್ಲಿ ಇಳಿಯಲು ಐದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಅದರಲ್ಲೂ ಕೊನೆಗೆ ತಣಿಯುವುದು ನಡು. ಕಷ್ಟಪಟ್ಟು ಪಡೆದ ಸಣ್ಣ ಹರಳು ಅಲ್ಲೇ ಕೈಬಿಟ್ಟು ಹೋಗುತ್ತದೆ. ರಫಿಂಗ್ ಮುಗಿದ ಕೂಡಲೇ ನೀರಿನ ಪರದೆಯಡಿ ಒಂದೆರಡು ಬಾರಿ ಹಾಯಿಸುವುದು ಇದಕ್ಕೆ ಉತ್ತರ. ಕಾಯುವ ಹೊತ್ತೂ ಕಡಿಮೆಯಾಗುತ್ತದೆ, ಉತ್ಪಾದನೆಯೂ ಏರುತ್ತದೆ.

ಇದರಿಂದ ಇನ್ನೊಂದು ಲಾಭವಿದೆ, ದಪ್ಪ ಪ್ಲೇಟಿನ ಮಟ್ಟಿಗೆ ಅದೇ ದೊಡ್ಡದು. ಮೇಲ್ಮೈ ತಣ್ಣಗೆ, ನಡು ಬಿಸಿ ಇರುವಾಗಲೇ ಪಾಸ್ ಕೊಟ್ಟರೆ ಗಟ್ಟಿಯಾದ ಮೇಲ್ಪದರ ಬಾಗಲು ಒಪ್ಪದೆ ಒತ್ತನ್ನು ಒಳಕ್ಕೆ ದಾಟಿಸುತ್ತದೆ. ಮೆದುವಾದ ನಡು ಹೆಚ್ಚು ಒತ್ತಿಸಿಕೊಳ್ಳುತ್ತದೆ. ಜೋಳದ ರೊಟ್ಟಿ ತಟ್ಟುವಾಗ ಮೇಲೆ ಒಣಹಿಟ್ಟು ಹಿಡಿದ ಉಂಡೆಯ ಒಳಗಿನ ಹಸಿ ಭಾಗ ಮೊದಲು ಹರಡುವಂತೆ. ಗ್ರೇಡಿಯಂಟ್ ತಾಪಮಾನ ರೋಲಿಂಗ್ ಎಂದು ಕರೆಯುವುದು ಇದನ್ನೇ. ನಡುವಿನಲ್ಲಿ ಹರಳು ಸಣ್ಣದಾಗುವುದಷ್ಟೇ ಅಲ್ಲ, ಎರಕದಲ್ಲಿ ಉಳಿದ ಸಣ್ಣ ಟೊಳ್ಳುಗಳೂ ಮುಚ್ಚಿಕೊಳ್ಳುತ್ತವೆ. ಆದರೆ ಮೇಲ್ಮೈಯ ಹೊಳಪನ್ನು ನೋಡಿ ತಾಪಮಾನ ಹೇಳುವ ಪೈರೋಮೀಟರ್ ಈಗ ದಾರಿ ತಪ್ಪಿಸುತ್ತದೆ. ನೀರು ನಿಂತ ಮೇಲೆ ಮೇಲ್ಮೈ ಮತ್ತೆ ಕೆಂಪೇರುವವರೆಗೆ ಅದರ ಅಂಕಿಯನ್ನು ನೆಚ್ಚಬೇಡಿ, ಮಾದರಿ ಲೆಕ್ಕದಿಂದ ಬಂದ ಸರಾಸರಿಯನ್ನು ಬಳಸಿ.

ಫಿನಿಷಿಂಗ್ ತಾಪಮಾನವನ್ನು ಇನ್ನೂ ಇಳಿಸಿದರೆ ಟಫ್‌ನೆಸ್ ಹೆಚ್ಚುವುದೇ?

ಒಂದು ಮಿತಿಯವರೆಗೆ. ಸಾಮಾನ್ಯವಾಗಿ 850ರಲ್ಲಿ ಆರಂಭಿಸಿ ಫೆರೈಟ್ (ತಣಿಯುವಾಗ ಆಸ್ಟಿನೈಟ್‌ನಿಂದ ಬರುವ ಮೆದು ಹರಳು) ಹುಟ್ಟುವ ತಾಪಮಾನಕ್ಕಿಂತ 20–50 ಡಿಗ್ರಿ ಮೇಲೆ ಮುಗಿಸುತ್ತಾರೆ. ಅದಕ್ಕಿಂತ ಕೆಳಗಿಳಿದರೆ ಆಗಲೇ ಹುಟ್ಟಿದ ಫೆರೈಟ್ ಕೂಡ ರೋಲ್‌ನಡಿ ಸಿಕ್ಕಿ, ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಆಮೇಲೆ ಮುರಿದ ಮುಖದಲ್ಲಿ ಪ್ಲೇಟಿನ ಮೈಗೆ ಸಮಾನಾಂತರವಾಗಿ ಪದರ ಪದರವಾಗಿ ಬಿಟ್ಟುಕೊಂಡ ಸೀಳುಗಳು ಕಾಣುತ್ತವೆ. ಇವು ದಪ್ಪ ತುಂಡನ್ನು ಹಲವು ತೆಳು ತುಂಡುಗಳಂತೆ ವರ್ತಿಸುವಂತೆ ಮಾಡುವುದರಿಂದ ಬೂದು ಭಾಗದ ಶೇಕಡಾವಾರು ಚೆನ್ನಾಗಿಯೇ ಬರಬಹುದು. ಆದರೆ ಹರಿಯಲು ಬೇಕಾದ ಶಕ್ತಿ ತಗ್ಗುತ್ತದೆ, ಓಡುವ ಬಿರುಕನ್ನು ನಿಲ್ಲಿಸಲು ಬೇಕಾದುದು ಆ ಶಕ್ತಿಯೇ. ಅಂಕಿ ಪಾಸಾಯಿತೆಂದು ಸೀಳುಗಳನ್ನು ಕಡೆಗಣಿಸುವುದನ್ನು ನಾನು ಒಪ್ಪಲಾರೆ.

ನಯೋಬಿಯಂ ಹೆಚ್ಚಿಸಿದರೆ ಇಷ್ಟೆಲ್ಲ ಹೆಣಗಾಟ ತಪ್ಪುವುದಿಲ್ಲವೇ?

ಸ್ವಲ್ಪ ತಪ್ಪುತ್ತದೆ. ಇಂಗಾಲವನ್ನು ಬಹಳ ಕಡಿಮೆ ಮಾಡಿ ನಯೋಬಿಯಂ ಅನ್ನು 0.1 ಶೇಕಡಾ ಹತ್ತಿರಕ್ಕೆ ಒಯ್ದರೆ ಹರಳು ಮತ್ತೆ ಹುಟ್ಟುವುದು ನಿಲ್ಲುವ ತಾಪಮಾನವೇ ಮೇಲೇರುತ್ತದೆ, ಫಿನಿಷಿಂಗ್ ಹೆಚ್ಚು ಬಿಸಿಯಲ್ಲಿ ಮುಗಿಯುತ್ತದೆ, ಕಡಿಮೆ ಬಲದ ಮಿಲ್‌ಗೂ ಎಕ್ಸ್80 ಎಂಬ ಹೆಚ್ಚು ಬಲದ ಪೈಪ್ ಉಕ್ಕು ಎಟುಕುತ್ತದೆ. ಅಮೆರಿಕದ ಶೆಯೆನ್ ಪ್ಲೇನ್ಸ್ ಮಾರ್ಗಕ್ಕೆ ಇಂಥ ಉಕ್ಕನ್ನು ಬಳಸಿದರು. ಆದರೆ ಅದೇ ಕಾರಣದಿಂದ ರಫಿಂಗ್‌ನ ಕಿಟಕಿ ಕಿರಿದಾಗುತ್ತದೆ. ರಫಿಂಗ್‌ನ ಕಡೆಯ ಪಾಸ್‌ಗಳು 1000 ಡಿಗ್ರಿಗೆ ಬಂದರೆ ಅಲ್ಲಿ ಅರ್ಧಂಬರ್ಧ ಹೊಸ ಹರಳು ಹುಟ್ಟಿ ಮತ್ತೆ ಅದೇ ಮಿಶ್ರ ಹರಳು.

ರೋಲಿಂಗ್ ನಂತರದ ನೀರಿನ ತಂಪಿನ ಪಾತ್ರವೇನು?

ಜಪಾನಿನ ಫುಕುಯಾಮಾದಲ್ಲಿ 1980ರಲ್ಲಿ ಮಿಲ್‌ಗೇ ಜೋಡಿಸಿದ ತಂಪುವ್ಯವಸ್ಥೆ ಬಂದ ಮೇಲೆ ಪೈಪ್ ಉಕ್ಕಿನ ದಾರಿಯೇ ಬದಲಾಯಿತು. ದಪ್ಪ ಎರಡು ಪಟ್ಟಾದರೆ ನಡುವಿನ ಬಿಸಿ ಹೊರಬರಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು, ಎಷ್ಟೇ ನೀರು ಸುರಿದರೂ ಇದು ಬದಲಾಗದು. ನೀರನ್ನು ವಿಪರೀತ ಹೆಚ್ಚಿಸಿದರೆ ಮೇಲ್ಪದರ ಗಡಸಾಗಿ ಪೈಪ್ ಮಡಚುವಾಗ ತೊಂದರೆ ಕೊಡುತ್ತದೆ. ನಡುವಿಗೆ ಬೇಕಾದಷ್ಟು ತಣಿಯುವಿಕೆ ಸಿಗದಿದ್ದರೆ ಮಾಲಿಬ್ಡಿನಂ, ನಿಕಲ್, ಕ್ರೋಮಿಯಂಗಳಿಂದ ಬೈನೈಟ್ ಬರುವಂತೆ ನೋಡಿಕೊಳ್ಳಬೇಕು. ತಂಪು ಶುರುವಾಗುವ ತಾಪಮಾನ ಪ್ಲೇಟಿನ ತಲೆಗೂ ಬಾಲಕ್ಕೂ ಒಂದೇ ಇದೆಯೇ ಎಂದೂ ನೋಡಿ. ಬಾಲದ ತುಂಡು ಮಾತ್ರ ಫೇಲಾಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಎರಕದ ದೋಷವನ್ನು ರೋಲಿಂಗ್ ಸರಿಪಡಿಸಬಲ್ಲದೇ?

ಸಣ್ಣ ಟೊಳ್ಳುಗಳನ್ನು ಬಿಟ್ಟರೆ, ಇಲ್ಲ. ಸ್ಲ್ಯಾಬಿನ ನಡುಗೆರೆಯಲ್ಲಿ ಮ್ಯಾಂಗನೀಸ್ ಮತ್ತು ರಂಜಕ ಗುಂಪುಗೂಡಿದ್ದರೆ ಆ ಪಟ್ಟಿ ಪ್ಲೇಟಿನಲ್ಲೂ ಗಡಸಾಗಿ ಉಳಿಯುತ್ತದೆ.

ಕಚ್ಚಿನ ಬದಿ ಚೆನ್ನಾಗಿ ಹರಿದು, ಸುತ್ತಿಗೆಯ ಬದಿಯಲ್ಲಿ ಸೀಳಿದ್ದರೆ ಅದನ್ನು ಫೇಲ್ ಎನ್ನಬೇಕೇ?

ಹೆಚ್ಚು ಟಫ್ ಆದ ದಪ್ಪ ಉಕ್ಕಿನಲ್ಲೇ ಇದು ಹೆಚ್ಚು ಕಾಣುತ್ತದೆ. ಸುತ್ತಿಗೆ ಬಿದ್ದ ಜಾಗ ಮೊದಲು ಜಜ್ಜಿಹೋಗಿ ಗಡಸಾಗುತ್ತದೆ, ಬಿರುಕು ಅಲ್ಲಿಗೆ ತಲುಪುವಷ್ಟರಲ್ಲಿ ಅದು ಮೂಲ ಉಕ್ಕಾಗಿ ಉಳಿದಿರುವುದಿಲ್ಲ. ಇದನ್ನು ಹೇಗೆ ಎಣಿಸಬೇಕೆಂಬುದನ್ನು ಆರ್ಡರ್‌ಗೆ ಸಹಿ ಹಾಕುವ ಮುನ್ನ ಖರೀದಿದಾರರೊಡನೆ ಬರಹದಲ್ಲಿ ಮಾತಾಡಿಕೊಳ್ಳಿ.

33 ಮಿ.ಮೀ. ತುಂಡನ್ನು 19ಕ್ಕೆ ತೆಳುಮಾಡಿ ಪರೀಕ್ಷಿಸಬಹುದೇ?

ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ನಿಯಮದಲ್ಲಿ ಅವಕಾಶವಿದೆ. ಆದರೆ ದಪ್ಪ ಕಡಿಮೆಯಾದುದಕ್ಕೆ ಬದಲಾಗಿ ಪರೀಕ್ಷೆಯ ತಾಪಮಾನವನ್ನು ಇಳಿಸಬೇಕು; 33 ಮಿ.ಮೀ.ಗೆ ಅದು 17 ಡಿಗ್ರಿ. ಪ್ರಯೋಗಾಲಯದ ಯಂತ್ರಕ್ಕೆ ಪೂರ್ತಿ ದಪ್ಪ ಮುರಿಯುವ ಶಕ್ತಿ ಇದ್ದರೆ ಪೂರ್ತಿ ದಪ್ಪವನ್ನೇ ಮುರಿಯಿರಿ.

ಕರ್ನಾಟಕದಂಥ ಬೆಚ್ಚಗಿನ ಜಾಗದಲ್ಲಿ ಇದೆಲ್ಲ ಬೇಕೇ?

ದಾಭೋಲ್–ಬೆಂಗಳೂರು ಗ್ಯಾಸ್ ಮಾರ್ಗ ಹಾಯುವ ನೆಲದಲ್ಲಿ ಯಮಾಲ್‌ನ ಚಳಿ ಇಲ್ಲ, ನಿಜ. ಪೈಪ್‌ಲೈನ್ ಪೈಪ್‌ಗಳ ಮಾನದಂಡವಾದ ಎಪಿಐ 5ಎಲ್‌ನ ಮೇಲ್ದರ್ಜೆಯ ಪೈಪ್‌ಗಳಿಗೆ ಚಾರ್ಪಿ ಪರೀಕ್ಷೆ, ಖರೀದಿದಾರರು ಬೇರೆ ಹೇಳದಿದ್ದರೆ, 0 ಡಿಗ್ರಿಯಲ್ಲಿ ನಡೆಯುತ್ತದೆ. ಆದರೆ ಒತ್ತಡದ ಗ್ಯಾಸ್ ಥಟ್ಟನೆ ಬಿಡುಗಡೆಯಾದ ಜಾಗ ಹೊರಗಿನ ಹವೆಗಿಂತ ಬಹಳ ತಣ್ಣಗಾಗುತ್ತದೆ, ವಾಲ್ವ್ ನಿಲ್ದಾಣಗಳ ಪೈಪ್‌ಗೆ ಇದನ್ನು ಗಮನಿಸಲೇಬೇಕು.

ಪ್ಲೇಟ್ ಫೇಲಾದರೆ ಮೊದಲು ಏನು ನೋಡಬೇಕು?

ಮೊದಲು ಮುರಿದ ಮುಖ. ಸೀಳು ನಡುಗೆರೆಯಲ್ಲಿ ಕಿರಿದಾದ ಪಟ್ಟಿಯಂತಿದ್ದರೆ ಎರಕದವರನ್ನು ಕರೆಯಿರಿ. ದಪ್ಪದ ಕಾಲುಭಾಗದಿಂದ ಮುಕ್ಕಾಲು ಭಾಗದವರೆಗೆ ಹರಡಿದ್ದರೆ ರಫಿಂಗ್ ಲಾಗ್ ತೆರೆಯಿರಿ. ಪ್ರತಿ ಪಾಸ್‌ಗೂ ಮೇಲೆ ಹೇಳಿದ ಅನುಪಾತವನ್ನು ಲೆಕ್ಕ ಹಾಕಿ, ಪಾಸಾದ ಪ್ಲೇಟೊಂದರ ಅನುಪಾತಗಳ ಪಕ್ಕದಲ್ಲಿ ಬರೆಯಿರಿ. ರಫಿಂಗ್ ಮುಗಿದ ತಾಪಮಾನ, ಕಾದ ಹೊತ್ತು, ಕಾದ ದಪ್ಪ, ಈ ಮೂರನ್ನೂ ಜೊತೆಗಿಡಿ. ಅವೆಲ್ಲ ಸರಿಯಿದ್ದರೆ ಮಾತ್ರ ಫಿನಿಷಿಂಗ್ ಮತ್ತು ನೀರಿನ ಕಡೆ ಹೋಗಿ. ರಸಾಯನ ಬದಲಿಸುವ ಮಾತು ಕೊನೆಗಿರಲಿ: ನಿಕಲ್, ಮಾಲಿಬ್ಡಿನಂ ಸೇರಿಸಿದರೆ ಪ್ರತಿ ಟನ್‌ಗೂ ಹಣ ಹೋಗುತ್ತದೆ, ಪಾಸ್ ಪಟ್ಟಿ ತಿದ್ದಲು ಒಂದು ಪಾಳಿಯ ಪರೀಕ್ಷಾ ರೋಲಿಂಗ್ ಸಾಕು.